‘ತೊರಾದೊರಾ’ ಮೊದಲ ಎಪಿಸೋಡ್ ಅರ್ಧಕ್ಕೇ ಅಕ್ಕ ಎದ್ದುಹೋದಳು. ಈ ಜೋಡಿ ಯಾಕೆ ಅಂತ ಅವಳಿಗೆ ಹೇಗೆ ಹೇಳಲಿ?

ತುಂಗಾತೀರ

ನಿನ್ನೆ ರಾತ್ರಿ ಅಕ್ಕನನ್ನು ಕೂರಿಸಿಕೊಂಡು ‘ತೊರಾದೊರಾ’ ಮೊದಲ ಎಪಿಸೋಡ್ ಹಾಕಿದೆ. ಅಕ್ಕ ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಸರಣಿ, ನೋಡುವವಳಲ್ಲ. ನನ್ನ ಒತ್ತಾಯಕ್ಕೆ ಕೂತಳು. ಅರ್ಧ ದಾಟುವಷ್ಟರಲ್ಲಿ ಎದ್ದಳು. ಹೋಗುವಾಗ ಹೇಳಿದ್ದು ಇಷ್ಟೇ: “ಹುಡುಗಿ ಸುಮ್ಸುಮ್ನೆ ಹೊಡೀತಾಳೆ, ಹುಡುಗ ಹೊಡೆಸಿಕೊಳ್ತಾನೆ. ಎಣ್ಣೆ ಸೀಗೆಕಾಯಿ ಥರ ಇದ್ದಾರೆ ಇಬ್ಬರೂ. ಇದರಲ್ಲಿ ಪ್ರೀತಿ ಎಲ್ಲಿಂದ ಬರಬೇಕು?”

ನನಗೆ ಉತ್ತರ ಹೊಳೆಯಲಿಲ್ಲ. 25 ಎಪಿಸೋಡನ್ನೂ ಮೂರು ಸಲ ನೋಡಿದ್ದೇನೆ. ಮುಂದಿನದೆಲ್ಲ ಗೊತ್ತಿರುವುದರಿಂದ ಮೊದಲ ಎಪಿಸೋಡ್ ಶುರುವಾದರೆ ಸಾಕು, ನನಗೆ ಮನಸ್ಸು ತುಂಬಿ ಬರುತ್ತದೆ. ಹೊಸಬರ ಕಣ್ಣಿಗೆ ಅದು ಹೇಗೆ ಕಾಣುತ್ತದೆ ಅನ್ನುವುದೇ ಮರೆತುಹೋಗಿದೆ.

ನೋಡದವರಿಗೆ ಕಥೆ ಇಷ್ಟು. ತಕಾಸು ರ್ಯೂಜಿ ಹೈಸ್ಕೂಲಿನ ಎರಡನೇ ವರ್ಷದ ಹುಡುಗ. ಕಣ್ಣು ನೋಡಿದರೆ ರೌಡಿ, ಆದರೆ ಅಡುಗೆ ಮತ್ತು ಮನೆ ಒಪ್ಪ ಮಾಡುವುದು ಅಂದರೆ ಪ್ರಾಣ. ಐಸಾಕಾ ತೈಗಾ ನೋಡಲು ಗೊಂಬೆ, ಹತ್ತಿರ ಹೋದರೆ ಗುದ್ದು. ಅವನಿಗೆ ಅವಳ ಗೆಳತಿ ಮಿನೋರಿ ಮೇಲೆ ಮನಸ್ಸು. ಇವಳಿಗೆ ಅವನ ಗೆಳೆಯ ಕಿತಾಮುರಾ ಮೇಲೆ ಮನಸ್ಸು. ಕಿತಾಮುರಾಗೆ ಕೊಡಬೇಕಾದ ಪತ್ರವನ್ನು ಅವಳು ತಪ್ಪಿ ರ್ಯೂಜಿಯ ಬ್ಯಾಗಿಗೆ ಹಾಕುತ್ತಾಳೆ. ಅದನ್ನು ವಾಪಸ್ ತರಲು ನಡುರಾತ್ರಿ ಮರದ ಕತ್ತಿ ಹಿಡಿದು ಅವನ ಮನೆಗೆ ನುಗ್ಗುತ್ತಾಳೆ.

“ಈ ಇಬ್ಬರೇ ಯಾಕೆ” ಅನ್ನುವುದಕ್ಕೆ ಮೊದಲ ಎಪಿಸೋಡಿನಲ್ಲೇ ಉತ್ತರ ಇದೆಯಾ? ಅಕ್ಕ ಹೇಳಿದ್ದೇ ಸರಿಯಾ? ದಯವಿಟ್ಟು ಎರಡನೇ ಎಪಿಸೋಡ್ ದಾಟಿ ಕಥೆ ಹೇಳಬೇಡಿ. ಹೊಸಬರೂ ಓದುತ್ತಿರುತ್ತಾರೆ.

ಹುಬ್ಬಳ್ಳಿ_ಮಿರ್ಚಿ

ರ್ಯೂಜಿ ಫ್ರೈಡ್ ರೈಸ್ ಮಾಡುವ ದೃಶ್ಯವನ್ನು ನಿಮ್ಮ ಅಕ್ಕ ನೋಡಿದರೋ ಇಲ್ಲವೋ, ಅದನ್ನು ಮೊದಲು ಹೇಳ್ರಿ.

ತುಂಗಾತೀರ

ಇಲ್ಲ. ಮರದ ಕತ್ತಿ ಬೀಸಿದ ತಕ್ಷಣ ಎದ್ದಳು.

ಹುಬ್ಬಳ್ಳಿ_ಮಿರ್ಚಿ

ಹಂಗಾದ್ರ ಅವರು ಎಪಿಸೋಡ್ ನೋಡೇ ಇಲ್ಲ ಬಿಡ್ರಿ. ಊಟಕ್ಕೆ ಕೂತು ಉಪ್ಪು ಉಪ್ಪಿನಕಾಯಿ ಬಡಿಸುವಾಗಲೇ ಎದ್ದಂಗಾಯ್ತು.

ಒಗ್ಗರಣೆ_ಸೌಟು

ಮಿರ್ಚಿ ಅವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಇಡೀ ಎಪಿಸೋಡ್ ಆ ಬಾಣಲೆಯ ಸುತ್ತ ತಿರುಗುತ್ತದೆ.

ಆ ದೃಶ್ಯ ನೋಡಿದಾಗೆಲ್ಲ ನನಗೆ ಬೆಂಗಳೂರಿನ ಪಿಜಿ ದಿನಗಳು ನೆನಪಾಗುತ್ತವೆ. ನನ್ನ ರೂಮಿನಲ್ಲಿ ಇನ್ನೊಬ್ಬ ಹುಡುಗಿ ಇದ್ದಳು. ಎರಡು ತಿಂಗಳು ನಮಗೆ ಮಾತೇ ಇರಲಿಲ್ಲ. ಫ್ಯಾನ್ ಎಷ್ಟರಲ್ಲಿ ಇಡಬೇಕು ಅನ್ನುವುದಕ್ಕೆ ಶುರುವಾದ ಜಗಳ ಅದು. ಒಂದು ರಾತ್ರಿ ಹನ್ನೊಂದು ಗಂಟೆಗೆ ಅವಳು ಆಫೀಸಿನಿಂದ ಬಂದಳು. ಕೆಳಗೆ ಊಟ ಮುಗಿದಿತ್ತು. ಬ್ಯಾಗ್ ಕೆಳಗಿಟ್ಟು ಹಾಗೇ ಗೋಡೆ ಕಡೆ ತಿರುಗಿ ಮಲಗಿದಳು. ಅವಳ ಹೊಟ್ಟೆ ಗುರ್ ಅಂದದ್ದು ನನ್ನ ಮಂಚಕ್ಕೆ ಕೇಳಿಸಿತು. ನನ್ನ ಡಬ್ಬಿಯಲ್ಲಿ ಮಧ್ಯಾಹ್ನದ ಅನ್ನ ಇತ್ತು. ಇಂಡಕ್ಷನ್ ಒಲೆ ಮೇಲೆ ಎಣ್ಣೆ ಇಟ್ಟು ಸಾಸಿವೆ, ಕಡಲೆಬೇಳೆ, ಹಸಿಮೆಣಸಿನಕಾಯಿ ಹಾಕಿದೆ. ಕರಿಬೇವು ಚಟಪಟ ಅಂದ ಕೂಡಲೇ ಅವಳು ಈ ಕಡೆ ತಿರುಗಿದಳು. ನಿಂಬೆಹಣ್ಣು ಹಿಂಡಿ ತಟ್ಟೆ ಕೊಟ್ಟೆ. ಒಂದು ಮಾತೂ ಆಡದೆ ತಿಂದು ತಟ್ಟೆ ತೊಳೆದಿಟ್ಟಳು. ಬೆಳಿಗ್ಗೆ ಫ್ಯಾನ್ ಎರಡರಲ್ಲಿ ಇತ್ತು, ನನಗೆ ಬೇಕಾದಷ್ಟು. ಈಗಲೂ ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ.

ತೈಗಾ ಬಂದದ್ದು ಅವನನ್ನು ಹೊಡೆದು ಹಾಕಲು. ಬಿದ್ದದ್ದು ಹಸಿವಿನಿಂದ. ಎದುರಿಗೆ ಬಿದ್ದವಳು ಶತ್ರು ಅನ್ನುವುದು ರ್ಯೂಜಿಗೆ ಆ ಕ್ಷಣ ನೆನಪೇ ಬರುವುದಿಲ್ಲ. ನಡುರಾತ್ರಿ ಬಾಣಲೆ ಒಲೆ ಮೇಲೆ ಏರುತ್ತದೆ. ಇದು ಅವನು ಯಾರು, ಅವಳಿಗೆ ಏನು ಕಡಿಮೆಯಾಗಿದೆ ಅನ್ನುವುದನ್ನು ಒಟ್ಟಿಗೇ ಹೇಳುತ್ತದೆ. ಬಾಯಿಬಿಟ್ಟು ಹೇಳುವ ಡೈಲಾಗ್ ಬೇಕಾಗಿಲ್ಲ.

ಚುಕ್ಕಿ_ರಂಗೋಲಿ

ನಾನು ಅಕ್ಕನ ಪಕ್ಷ.

ಹಸಿವಾಗಿದ್ದರೆ ಹೊಡೆಯಬಹುದಾ? ಕಾರಿಡಾರಿನಲ್ಲಿ ಅವನು ಗೊತ್ತಿಲ್ಲದೆ ಡಿಕ್ಕಿ ಹೊಡೆದದ್ದಕ್ಕೆ ಒಂದು ಗುದ್ದು. ಕ್ಲಾಸ್‌ರೂಮಿನಲ್ಲಿ ಬ್ಯಾಗ್ ಎಳೆದಾಟ. ರಾತ್ರಿ ಮನೆಗೆ ನುಗ್ಗಿ ಕತ್ತಿ. ಇದೇ ಕೆಲಸ ಹುಡುಗ ಮಾಡಿದ್ದರೆ ನಾವ್ಯಾರೂ ಇದನ್ನು ಕಾಮಿಡಿ ಅನ್ನುತ್ತಿರಲಿಲ್ಲ. ಪುಟ್ಟ ಹುಡುಗಿ, ಮುದ್ದು ಮುಖ, ಅದಕ್ಕೆ ನಗು. ನನಗೆ ಈ ಸರಣಿ ಇಷ್ಟವೇ. ಆದರೆ ಮೊದಲ ಅರ್ಧ ನೋಡಿ ಎದ್ದುಹೋದವರ ಮೇಲೆ ತಪ್ಪು ಹೊರಿಸಬೇಡಿ. ಅವರು ನೋಡಿದ್ದನ್ನೇ ಹೇಳಿದ್ದಾರೆ.

ಅರಳೀಕಟ್ಟೆ

ಚುಕ್ಕಿ ಅವರೆ, ಹೊಡೆತದ ವಿಷಯದಲ್ಲಿ ನಿಮ್ಮ ಮಾತು ತೆಗೆದುಹಾಕುವಂಥದ್ದಲ್ಲ. ಆದರೆ “ಎಣ್ಣೆ ಸೀಗೆಕಾಯಿ” ಅನ್ನುವುದನ್ನು ನಾನು ಒಪ್ಪಲ್ಲ. ಈ ಇಬ್ಬರೂ ಒಂದೇ ನೋವಿನವರು.

ರ್ಯೂಜಿಯ ಕಣ್ಣು ಅವನ ಅಪ್ಪನಿಂದ ಬಂದದ್ದು. ಅಪ್ಪ ಯಾಕುಜಾ, ಅಂದರೆ ಅಲ್ಲಿನ ಭೂಗತ ಗ್ಯಾಂಗಿನವನು. ಮಗ ಒಂದು ನೊಣಕ್ಕೂ ಹೊಡೆದವನಲ್ಲ. ಆದರೆ ಹೊಸ ಕ್ಲಾಸಿಗೆ ಕಾಲಿಟ್ಟರೆ ಸುತ್ತ ಪಿಸುಮಾತು. ತೈಗಾ ಬಗ್ಗೆಯೂ ಸ್ಕೂಲಿನಲ್ಲಿ ಊಹಾಪೋಹ ತುಂಬಿದೆ. ಇಬ್ಬರ ಮುಖವನ್ನೂ ಊರು ಮೊದಲೇ ಓದಿ ಮುಗಿಸಿದೆ. ಒಬ್ಬನ ಮುಖ ಒರಟು, ಮನಸ್ಸು ಮೆತ್ತಗೆ. ಇನ್ನೊಬ್ಬಳದು ಮುಖ ಹೂವು, ಕೈ ಮುಳ್ಳು. ಕನ್ನಡಿಯಲ್ಲಿ ಎಡ ಬಲ ಆದ ಹಾಗೆ.

ಹೆಸರುಗಳನ್ನೇ ನೋಡಿ. ರ್ಯೂಜಿ ಅಂದರೆ ಡ್ರ್ಯಾಗನ್ ಮರಿ. ತೈಗಾ ಅನ್ನುವುದನ್ನು ಬರೆಯುವುದು “ದೊಡ್ಡ ನದಿ” ಅನ್ನುವ ಅರ್ಥದ ಅಕ್ಷರಗಳಲ್ಲಿ. ಆದರೆ ಜಪಾನೀಯರು ಇಂಗ್ಲಿಷಿನ ಟೈಗರ್ ಅನ್ನುವುದೂ ಹಾಗೇ, ತೈಗಾ ಅಂತ. ತೊರಾ ಅಂದರೆ ಹುಲಿ, ದೊರಾ ಅನ್ನುವುದು ದೊರಾಗೊನ್, ಅಂದರೆ ಡ್ರ್ಯಾಗನ್ ಎಂಬುದರ ತುಂಡು. ಹುಲಿ ಮತ್ತು ಡ್ರ್ಯಾಗನ್ ಎದುರುಬದುರು ಇರುವ ಚಿತ್ರಗಳನ್ನು ಚೀನಾ, ಜಪಾನಿನಲ್ಲಿ ಎಷ್ಟೋ ಶತಮಾನದಿಂದ ಬರೆಯುತ್ತಾ ಬಂದಿದ್ದಾರೆ. ಅಲ್ಲಿ ಅವೆರಡೂ ಸರಿಸಮಾನ ಬಲದವು. ಅಂದರೆ ಹೆಸರಿಟ್ಟಾಗಲೇ ಬರಹಗಾರ್ತಿ ಇವರನ್ನು ಜೋಡಿ ಮಾಡಿಯಾಗಿದೆ. ಹುಲಿಯ ಪಕ್ಕ ನಿಲ್ಲುವುದು ಡ್ರ್ಯಾಗನ್ ಮಾತ್ರ ಅಂತ ರ್ಯೂಜಿ ಮೊದಲ ಎಪಿಸೋಡಿನಲ್ಲೇ ಹೇಳುತ್ತಾನಲ್ಲ.

ಬಿಸಿಲೂರು

ಅದು ಎರಡನೇ ಎಪಿಸೋಡ್. ತೈಗಾ ಬೀದಿಯ ಕಂಬಕ್ಕೆ ಒದೆಯುತ್ತಾಳಲ್ಲ, ಅದರ ನಂತರದ್ದು. ಮೊದಲ ಎಪಿಸೋಡಿನ ಹೆಸರು “ಹುಲಿ ಮತ್ತು ಡ್ರ್ಯಾಗನ್”, ಅದಕ್ಕೇ ನಿಮಗೆ ಕಲಸಿಹೋಗಿದೆ.

ಅರಳೀಕಟ್ಟೆ

ಹೌದು, ಎರಡನೆಯದು. ತಿದ್ದಿದ್ದಕ್ಕೆ ಧನ್ಯವಾದ.

ಬಿಸಿಲೂರು

ಈ ತಪ್ಪು ಎಷ್ಟೋ ಜನ ಮಾಡುತ್ತಾರೆ. ನನಗೆ ಅನಿಸೋದು, ಈ ಕಥೆಯ ಪೀಠಿಕೆ ಎರಡು ಎಪಿಸೋಡಿನದು. ಮೊದಲನೆಯದರಲ್ಲಿ ಇಬ್ಬರ ಗುಟ್ಟೂ ಹೊರಗೆ ಬರುತ್ತದೆ. ಎರಡನೆಯದರಲ್ಲಿ ಆ ಗುಟ್ಟು ಇಟ್ಟುಕೊಂಡು ಏನು ಮಾಡಬೇಕು ಅಂತ ತೀರ್ಮಾನವಾಗುತ್ತದೆ. ತುಂಗಾತೀರ, ಅಕ್ಕನಿಗೆ ಎರಡನ್ನೂ ಒಟ್ಟಿಗೆ ತೋರಿಸಿ.

ಓಸಾಕಾ_ಕನ್ನಡತಿ

ನಾನು ಓಸಾಕಾದಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಇಲ್ಲಿಗೆ ಬಂದ ಮೇಲೆ ಇದನ್ನು ಮತ್ತೆ ನೋಡಿದಾಗ ಕಣ್ಣಿಗೆ ಬಿದ್ದದ್ದು ಕಿಟಕಿ.

ರ್ಯೂಜಿ ಮತ್ತು ಅವನ ಅಮ್ಮ ಯಾಸುಕೋ ಇರುವುದು ಹಳೇ ಬಾಡಿಗೆ ಮನೆ. ಅಮ್ಮ ರಾತ್ರಿ ಬಾರಿನಲ್ಲಿ ಕೆಲಸ ಮಾಡುತ್ತಾಳೆ, ಬೆಳಗಿನ ಜಾವ ಬಂದು ಮಲಗುತ್ತಾಳೆ. ಪಕ್ಕದಲ್ಲಿ ದೊಡ್ಡ ಐಷಾರಾಮಿ ಕಟ್ಟಡ ಎದ್ದಿದೆ. ಇಲ್ಲಿ ಅದಕ್ಕೆ ಮಾನ್ಷನ್ ಅನ್ನುತ್ತಾರೆ. ಬಂಗಲೆ ಅಂದುಕೊಳ್ಳಬೇಡಿ, ನಮ್ಮ ಅಪಾರ್ಟ್‌ಮೆಂಟ್. ಅದು ಬಂದ ಮೇಲೆ ಇವರ ಮನೆಗೆ ಬಿಸಿಲಿಲ್ಲ. ಬಿಸಿಲಿಲ್ಲ ಅಂದರೆ ಬಟ್ಟೆ ಒಣಗಲ್ಲ, ಗೋಡೆ ತೇವ, ಮೂಲೆಯಲ್ಲಿ ಬೂಷ್ಟು. ಜಪಾನಿನಲ್ಲಿ ಜೂನ್ ಹೊತ್ತಿಗೆ ಮಳೆಗಾಲ ಬಂದರೆ ಬೂಷ್ಟಿನ ಜೊತೆ ದಿನಾ ಯುದ್ಧ. ನನ್ನ ಮೊದಲ ರೂಮಿನಲ್ಲಿ ಬೀರುವಿನ ಹಿಂದೆ ಇಟ್ಟಿದ್ದ ಚರ್ಮದ ಬ್ಯಾಗ್ ಹಸಿರಾಗಿತ್ತು. ರ್ಯೂಜಿಗೆ ಸ್ವಚ್ಛತೆಯ ಹುಚ್ಚು ಅಂತ ನಗುತ್ತೇವೆ, ಆದರೆ ಆ ಮನೆಯಲ್ಲಿ ಉಜ್ಜದೆ ಬದುಕೋಕಾಗಲ್ಲ.

ಬಿಸಿಲು ಇಲ್ಲಿ ಸಣ್ಣ ವಿಷಯ ಅಲ್ಲ. “ಬಿಸಿಲಿನ ಹಕ್ಕು” ಅಂತಲೇ ಒಂದು ಮಾತಿದೆ, ನಿಶ್ಶೋಕೆನ್. 1972ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಮನ್ನಣೆ ಕೊಟ್ಟಿತು. 1976ರಲ್ಲಿ ಕಟ್ಟಡ ಕಾಯ್ದೆಗೆ ನೆರಳಿನ ನಿಯಮ ಸೇರಿಸಿದರು. ಚಳಿಗಾಲದಲ್ಲಿ ಹಗಲು ಅತಿ ಚಿಕ್ಕದಾಗಿರುವ ದಿನ ಹೊಸ ಕಟ್ಟಡದ ನೆರಳು ಪಕ್ಕದ ಜಾಗದ ಮೇಲೆ ಎಷ್ಟು ಗಂಟೆ ಬೀಳುತ್ತದೆ ಅಂತ ಲೆಕ್ಕ ಹಾಕುತ್ತಾರೆ. ಆದರೆ ಆ ನಿಯಮ ಎಲ್ಲ ವಲಯಕ್ಕೂ ಒಂದೇ ಥರ ಅನ್ವಯಿಸಲ್ಲ.

ಈಗ ಆ ಮಾನ್ಷನ್ನಿನಲ್ಲಿ ಯಾರಿದ್ದಾರೆ ನೋಡಿ. ತೈಗಾ, ಒಬ್ಬಳೇ. ದೊಡ್ಡ ಮನೆ, ಕೈಗೆಟುಕುವಷ್ಟು ಹತ್ತಿರದ ಕಿಟಕಿ, ಹಸಿದ ಹೊಟ್ಟೆ. ಇವನಿಗೆ ಬೆಳಕಿಲ್ಲದಂತೆ ಮಾಡಿದ ಕಟ್ಟಡದಲ್ಲಿ ಇರುವವಳಿಗೆ ಊಟವಿಲ್ಲ. ಬೆಳಕಿಲ್ಲದ ಮನೆಯಲ್ಲಿ ಬಿಸಿ ಅಡುಗೆ ಇದೆ. ನನಗೆ ಇದೇ ನಿಜವಾದ ಪೀಠಿಕೆ. ಕಣ್ಣು, ಎತ್ತರ, ಸಿಟ್ಟು ಎಲ್ಲ ಆಮೇಲೆ.

ಹುಬ್ಬಳ್ಳಿ_ಮಿರ್ಚಿ

ಈ ಬಿಸಿಲಿನ ವಿಷಯ ಗೊತ್ತೇ ಇರಲಿಲ್ಲ. ಐದು ಸಲ ನೋಡೀನಿ, ಕಿಟಕಿ ಕಡೆ ಲಕ್ಷ್ಯ ಹೋಗಿರಲಿಲ್ಲ. ಭಾಳ ಚೊಲೋ ಹೇಳಿದಿರಿ ಅಕ್ಕಾರ.

ಕುಡ್ಲ_ಕಡಲು

ತೈಗಾಗೆ ಸ್ಕೂಲಿನಲ್ಲಿ ಒಂದು ಅಡ್ಡಹೆಸರು ಇದೆ ಅಲ್ವಾ, ತೆನೊರಿ ತೈಗಾ. ಇಂಗ್ಲಿಷ್ ಸಬ್‌ಟೈಟಲಿನಲ್ಲಿ ಪಾಮ್‌ಟಾಪ್ ಟೈಗರ್ ಅಂತ ಬರುತ್ತದೆ. ಅದನ್ನು ಓದಿ ನಾನು ಯಾವುದೋ ಕಂಪ್ಯೂಟರ್ ಅಂದುಕೊಂಡಿದ್ದೆ ಮಾರಾಯ್ರೆ. ಆಮೇಲೆ ಗೊತ್ತಾಯಿತು, ತೆನೊರಿ ಅಂದರೆ ಅಂಗೈ ಮೇಲೆ ಬಂದು ಕೂರುವಂತೆ ಪಳಗಿಸಿದ ಪುಟ್ಟ ಹಕ್ಕಿಗೆ ಹೇಳುವ ಮಾತು. ಅಂಗೈಲಿ ಹಿಡಿಸುವ ಹುಲಿ! ಒಂದೇ ಹೆಸರಲ್ಲಿ ಮುದ್ದೂ ಇದೆ, ಭಯವೂ ಇದೆ. ಹಕ್ಕಿ ಪಳಗುತ್ತದೆ, ಹುಲಿ ಪಳಗುತ್ತದಾ ಅನ್ನುವ ಪ್ರಶ್ನೆಯೂ ಇದೆ.

ನನಗೆ ತೈಗಾ ಕಂಡರೆ ನೆನಪಾಗುವುದು ನಮ್ಮಲ್ಲಿ ದಸರಾ ಸಮಯದ ಹುಲಿವೇಷ. ತಂಡದಲ್ಲಿ ಒಂದು ಮರಿ ಹುಲಿ ಇರುತ್ತದೆ. ಆರೇಳು ವರ್ಷದ ಹುಡುಗ, ಮೈಪೂರ್ತಿ ಬಣ್ಣ. ದೊಡ್ಡ ಹುಲಿಗಳು ಕುಣಿಯುವಾಗ ಜನ ನಗುತ್ತಾ ನೋಡುತ್ತಾರೆ. ಈ ಮರಿ ತಾಸೆಯ ಪೆಟ್ಟಿಗೆ ಹೆಜ್ಜೆ ಹಾಕಿ ಎದುರಿಗೆ ಬಂದು ಗುರ್ ಅಂದರೆ ದೊಡ್ಡವರೂ ಎರಡು ಹೆಜ್ಜೆ ಹಿಂದೆ ಹೋಗುತ್ತಾರೆ. ಅದರ ಕಣ್ಣಲ್ಲಿ ಅಷ್ಟು ಹಠ. ರಾತ್ರಿ ಅದೇ ಹುಲಿ ಅಪ್ಪನ ಹೆಗಲ ಮೇಲೆ ನಿದ್ದೆ ಹೋಗಿರುತ್ತದೆ, ಬಣ್ಣ ಅಂಗಿಗೆಲ್ಲ ಅಂಟಿಕೊಂಡು.

ಒಗ್ಗರಣೆ_ಸೌಟು

ಅಯ್ಯೋ, ಹೆಗಲ ಮೇಲೆ ಮಲಗಿದ ಹುಲಿ ಎಷ್ಟು ಚೆನ್ನಾಗಿದೆ! ಕನ್ನಡಕ್ಕೆ ತಂದರೆ ತೈಗಾಗೆ ಏನು ಅನ್ನಬಹುದು? ನನ್ನ ಮತ “ಅಂಗೈ ಹುಲಿ”.

ಬಿಸಿಲೂರು

“ಬೊಗಸೆ ಹುಲಿ”.

ಅರಳೀಕಟ್ಟೆ

ಬೊಗಸೆ ಅಂದರೆ ಎರಡು ಕೈ. ತೆನೊರಿ ಒಂದೇ ಕೈ. ಅಂಗೈ ಹುಲಿಯೇ ಸರಿ.

ಮಂಜಿನ_ಮಡಿಕೇರಿ

ಎಲ್ಲರೂ ತೈಗಾಗೆ ತ್ಸುಂದೆರೆ ಅಂತ ಚೀಟಿ ಅಂಟಿಸಿ ಕೈತೊಳೆದುಕೊಳ್ಳುತ್ತಾರೆ. ಹೊರಗೆ ತ್ಸುನ್‌ತ್ಸುನ್ ಅಂದರೆ ಮುಖ ಸಿಂಡರಿಸುವುದು, ಒಳಗೆ ದೆರೆದೆರೆ ಅಂದರೆ ಪ್ರೀತಿಯಲ್ಲಿ ಕರಗುವುದು. ನಮ್ಮಲ್ಲಿ ಹಲಸಿನ ಹಣ್ಣು ಅಂದುಬಿಡಬಹುದು. ಧ್ವನಿ ಕೊಟ್ಟ ಕುಗಿಮಿಯಾ ರಿಯೆ ಅಂಥ ಪಾತ್ರಗಳಿಗೇ ಹೆಸರುವಾಸಿ. ಆದರೆ ಮೊದಲ ಎಪಿಸೋಡಿನಲ್ಲಿ ತೈಗಾಗೆ ರ್ಯೂಜಿ ಮೇಲೆ ಒಳಗೂ ಪ್ರೀತಿ ಇಲ್ಲ! ಪ್ರೀತಿ ಇರುವುದು ಕಿತಾಮುರಾ ಮೇಲೆ. ಇವನ ಮೇಲೆ ಇರುವುದು ನಾಚಿಕೆ, ಹೆದರಿಕೆ. ತನ್ನ ಗುಟ್ಟು ಇವನಿಗೆ ಗೊತ್ತಾಯಿತಲ್ಲ ಅನ್ನುವ ಸಂಕಟ. ಅದು ಸಿಟ್ಟಾಗಿ ಹೊರಗೆ ಬರುತ್ತದೆ. ಇದನ್ನು ತ್ಸುಂದೆರೆ ಅಂದರೆ ಎಪಿಸೋಡ್ ಮಾಡಿದ ಕೆಲಸವೆಲ್ಲ ಮುಚ್ಚಿಹೋಗುತ್ತದೆ.

ಚುಕ್ಕಿ_ರಂಗೋಲಿ

ಇದನ್ನು ನಾನು ಒಪ್ಪುತ್ತೇನೆ. ಅವಳ ಸಿಟ್ಟಿಗೆ ಕಾರಣ ಇದೆ. ಆದರೂ ಕಾರಣ ಇದ್ದ ಮಾತ್ರಕ್ಕೆ ಹೊಡೆತ ನಗುವಂಥದ್ದು ಆಗಲ್ಲ.

ಬೇಕಾದರೆ 2022ರಲ್ಲಿ ಬಂದ ‘ಮೈ ಡ್ರೆಸ್-ಅಪ್ ಡಾರ್ಲಿಂಗ್’ ನೋಡಿ. ಗೊಜೋ ಹಿನಾ ಬೊಂಬೆಗಳ, ಅಂದರೆ ಜಪಾನಿನ ಸಾಂಪ್ರದಾಯಿಕ ಹಬ್ಬದ ಬೊಂಬೆಗಳ, ಮುಖ ಬಿಡಿಸುವುದನ್ನು ಕಲಿಯುತ್ತಿರುವ ಮೌನಿ ಹುಡುಗ, ಗೆಳೆಯರೇ ಇಲ್ಲ. ಮರಿನ್ ಇಡೀ ಕ್ಲಾಸಿನ ಕಣ್ಮಣಿ. ಇದಕ್ಕಿಂತ ಬೇರೆ ಬೇರೆ ಲೋಕ ಇನ್ನೇನಿದೆ? ಮೊದಲ ಎಪಿಸೋಡಿನಲ್ಲಿ ಅವನು ಸ್ಕೂಲಿನ ಹೊಲಿಗೆ ಯಂತ್ರದ ಮುಂದೆ ಕೂತಿರುವಾಗ ಅವಳ ಕಣ್ಣಿಗೆ ಬೀಳುತ್ತಾನೆ. ಚಿಕ್ಕಂದಿನಲ್ಲಿ ಒಬ್ಬಳು “ಹುಡುಗ ಆಗಿ ಬೊಂಬೆ ಇಷ್ಟಾನಾ” ಅಂದ ಗಾಯ ಅವನಲ್ಲಿ ಇನ್ನೂ ಇದೆ. ಮರಿನ್ ನಗುವುದಿಲ್ಲ, ತನಗೂ ಬಟ್ಟೆ ಹೊಲಿದುಕೊಡು ಅನ್ನುತ್ತಾಳೆ. ಯಾರೂ ಯಾರನ್ನೂ ಹೊಡೆಯದೆ ವಿರುದ್ಧ ಸ್ವಭಾವದ ಇಬ್ಬರು ಒಂದು ಮೇಜಿಗೆ ಬಂದರು.

ಮಂಜಿನ_ಮಡಿಕೇರಿ

ಅದು ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಅಲ್ಲಿ ಮರಿನ್‌ಗೆ ಏನು ಕೊರತೆ ಇದೆ? ಅವಳಿಗೆ ಬಟ್ಟೆ ಹೊಲಿಯೋಕೆ ಬರಲ್ಲ, ಅಷ್ಟೇ. ತೈಗಾಗೆ ಊಟವೇ ಇಲ್ಲ. ಅಲ್ಲಿ ಹವ್ಯಾಸ ಸೇರಿಸುತ್ತದೆ, ಇಲ್ಲಿ ಅಗತ್ಯ ಸೇರಿಸುತ್ತದೆ.

ಚುಕ್ಕಿ_ರಂಗೋಲಿ

ಅಗತ್ಯದಿಂದ ಹುಟ್ಟಿದ ಸಂಬಂಧವೇ ಮೇಲು ಅಂತ ಯಾಕೆ? ನನಗೆ ಊಟ ಹಾಕಿದವರನ್ನೆಲ್ಲ ನಾನು ಪ್ರೀತಿಸಬೇಕಾ?

ಒಗ್ಗರಣೆ_ಸೌಟು

ಪ್ರೀತಿಸಬೇಕಿಲ್ಲ ಚುಕ್ಕಿ. ಮತ್ತೆ ಹೊಡೆಯೋಕೆ ಕೈ ಬರಲ್ಲ, ಅಷ್ಟೇ.

ಚುಕ್ಕಿ_ರಂಗೋಲಿ

ಅವಳಿಗೆ ಬರುತ್ತಲ್ಲ! ಎರಡನೇ ಎಪಿಸೋಡಿನಲ್ಲೂ ಅವನನ್ನು ನಾಯಿ ಅಂತಲೇ ಕರೆಯುತ್ತಾಳೆ.

ಓಸಾಕಾ_ಕನ್ನಡತಿ

@ಚುಕ್ಕಿ ಅವರೆ, ನೀವು ಜೋಡಿಯ ಲೆಕ್ಕ ಎತ್ತಿದಿರಿ, ನಮ್ಮ ಓಸಾಕಾದ್ದೇ ಒಂದಿದೆ. ‘ಲವ್ಲಿ ಕಾಂಪ್ಲೆಕ್ಸ್’, 2007ರದ್ದು, 24 ಎಪಿಸೋಡ್. ಕೊಯಿಜುಮಿ ರಿಸಾ ಎತ್ತರದ ಹುಡುಗಿ, 170 ಸೆಂಟಿಮೀಟರಿಗೂ ಜಾಸ್ತಿ. ಓತಾನಿ 156 ಚಿಲ್ಲರೆ. ಟೀಚರ್ ಅವರನ್ನು “ಆಲ್ ಹನ್ಶಿನ್ ಕ್ಯೋಜಿನ್” ಅಂತ ರೇಗಿಸುತ್ತಾರೆ. ಅದು ನಿಜವಾದ ಹಾಸ್ಯ ಜೋಡಿ, ಒಬ್ಬರು ಕುಳ್ಳ, ಒಬ್ಬರು ಎತ್ತರ. ಇಲ್ಲಿ ಆ ಹೆಸರು ಹೇಳಿದರೆ ಅಜ್ಜಿಯರೂ ನಗುತ್ತಾರೆ. ಹನ್ಶಿನ್, ಕ್ಯೋಜಿನ್ ಎರಡೂ ಬದ್ಧವೈರಿ ಬೇಸ್‌ಬಾಲ್ ತಂಡಗಳ ಹೆಸರು ಕೂಡ.

ಅದರ ಮೊದಲ ಎಪಿಸೋಡಿನ ಹಂದರವೂ ಇದೇ! ರಿಸಾಗೆ ಸುಜುಕಿ ಮೇಲೆ ಮನಸ್ಸು, ಓತಾನಿಗೆ ಅವಳ ಗೆಳತಿ ಚಿಹಾರು ಮೇಲೆ. ಒಬ್ಬರಿಗೊಬ್ಬರು ಸಹಾಯ ಮಾಡೋಣ ಅಂತ ಒಪ್ಪಂದ. ಆದರೆ ಸುಜುಕಿಗೂ ಚಿಹಾರುಗೂ ಪರಸ್ಪರ ಇಷ್ಟವಾಗಿ ಇವರಿಬ್ಬರೂ ಬರಿಗೈಯಲ್ಲಿ ಉಳಿಯುತ್ತಾರೆ. ಇಬ್ಬರೂ ಬಾಯಿಗೆ ಬಾಯಿ ಕೊಡುತ್ತಾರೆ, ಕಾನ್ಸಾಯ್, ಅಂದರೆ ನಮ್ಮ ಓಸಾಕಾ ಸೀಮೆಯ, ಭಾಷೆಯ ಖಾರದಲ್ಲಿ. ನಮ್ಮ ಮಿರ್ಚಿ ಅವರ ಹುಬ್ಬಳ್ಳಿ ಮಾತು ಕೇಳಿದರೆ ನನಗೆ ಅದೇ ರುಚಿ.

ಒಂದು ವ್ಯತ್ಯಾಸ ಇದೆ. ರಿಸಾ, ಓತಾನಿ ಎತ್ತರದಲ್ಲಿ ಮಾತ್ರ ಬೇರೆ. ಮೆಚ್ಚುವ ಹಾಡುಗಾರ, ಮಾತಿನ ವರಸೆ ಎಲ್ಲ ಒಂದೇ. ಜೋಡಿ ಚೆನ್ನಾಗಿದೆ ಅಂತ ಅವರಿಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತು. ತೈಗಾ, ರ್ಯೂಜಿ ವಿಷಯದಲ್ಲಿ ಊರಿಗೂ ಗೊತ್ತಿಲ್ಲ.

ಹುಬ್ಬಳ್ಳಿ_ಮಿರ್ಚಿ

ನಮ್ಮ ಮಾತು ಓಸಾಕಾ ತನಕ ಹೋತು! ಇವತ್ತೇ ನೋಡ್ತೀನಿ.

ಉಡುಪಿ_ಹಂಚು

ತಡವಾಗಿ ಬಂದೆ. ಇಲ್ಲಿ ಒಂದು ಮಾತು ಯಾರೂ ಹೇಳಿಲ್ಲ. ಇಂಟರ್‌ನೆಟ್ಟಿನಲ್ಲಿ ಎಲ್ಲರೂ “ಹುಡುಗ ಅಡುಗೆ ಮಾಡುತ್ತಾನೆ, ಹುಡುಗಿ ಹೊಡೆಯುತ್ತಾಳೆ, ಗಂಡು ಹೆಣ್ಣಿನ ಪಾತ್ರ ಅದಲುಬದಲು” ಅಂತ ಬರೆಯುತ್ತಾರೆ. ನಮ್ಮ ಕಡೆ ಮದುವೆ, ದೇವಸ್ಥಾನ, ಹೋಟೆಲ್, ಎಲ್ಲಿ ನೋಡಿದರೂ ಅಡುಗೆ ಭಟ್ಟರು ಗಂಡಸರೇ. ನಮ್ಮ ಅಪ್ಪ ಸಾವಿರ ಜನಕ್ಕೆ ಸಾರು ಮಾಡುವವರು. ಆದರೆ ಮನೆಯಲ್ಲಿ ಸೌಟು ಮುಟ್ಟುತ್ತಿರಲಿಲ್ಲ. ಅಮ್ಮನಿಗೆ ಜ್ವರ ಬಂದ ದಿನ ಮೊದಲ ಸಲ ಗಂಜಿ ಬೇಯಿಸಿದರು. ನಾಲ್ಕು ಜನಕ್ಕೆ ಎಷ್ಟು ಅಕ್ಕಿ ಅಂತ ಅವರಿಗೆ ಅಂದಾಜೇ ಆಗಲಿಲ್ಲ. ಪಾತ್ರೆ ಉಕ್ಕಿ ಒಲೆ ಆರಿಹೋಯಿತು. ಮತ್ತೆ ಹಚ್ಚಿ, ಪಕ್ಕದಲ್ಲೇ ನಿಂತು ಕೈಯಾಡಿಸಿ ತಂದುಕೊಟ್ಟರು.

ರ್ಯೂಜಿ ಅಡುಗೆ ಮಾಡುತ್ತಾನೆ ಅನ್ನುವುದಕ್ಕಿಂತ ಯಾರಿಗೆ ಮಾಡುತ್ತಾನೆ ಅನ್ನುವುದು ಮುಖ್ಯ. ದುಡಿದು ಸುಸ್ತಾದ ಅಮ್ಮನಿಗೆ ಅವನು ದಿನಾ ಮಾಡುತ್ತಾನೆ. ಅಂಥವನ ಮುಂದೆ ಹಸಿದ ಹುಡುಗಿ ಬಿದ್ದಾಗ ಕೈ ತಾನಾಗಿ ಬಾಣಲೆಗೆ ಹೋಗುತ್ತದೆ. ಅಭ್ಯಾಸಬಲ. ಮೊದಲ ಎಪಿಸೋಡ್ ಅಮ್ಮನನ್ನು ಅಷ್ಟು ಹೊತ್ತು ತೋರಿಸುವುದು ಅದಕ್ಕೇ.

ಒಗ್ಗರಣೆ_ಸೌಟು

ನಿಮ್ಮ ಅಪ್ಪನ ಗಂಜಿ ಓದಿ ಕಣ್ಣು ತುಂಬಿತು.

ಗಿಳಿಪಾಠ

ರ್ಯೂಜಿ ಮನೆಯ ಗಿಳಿ ಇಂಕೋನನ್ನು ಎಲ್ಲರೂ ಮರೆತಿರಿ! ಇಂಕೋ ಅಂದರೆ ಜಪಾನಿ ಭಾಷೆಯಲ್ಲಿ ಗಿಳಿ ಜಾತಿಯ ಹಕ್ಕಿ. ಗಿಳಿಗೆ ಗಿಳಿ ಅಂತಲೇ ಹೆಸರು, ಆ ಹೆಸರನ್ನೂ ಹೇಳೋಕೆ ಬರಲ್ಲ ಅದಕ್ಕೆ. ನೋಡೋಕೆ ಚೆನ್ನಾಗಿಲ್ಲ. ಆದರೂ ರ್ಯೂಜಿ ಅದನ್ನು ಎಷ್ಟು ಪ್ರೀತಿಯಿಂದ ಮಾತಾಡಿಸುತ್ತಾನೆ. ಯಾರ ಕಣ್ಣಿಗೂ ಬೇಡವಾದದ್ದನ್ನು ಸಾಕುವ ಗುಣ ಇವನಿಗಿದೆ ಅಂತ ಅಲ್ಲೇ ಹೇಳಿಬಿಟ್ಟರು.

ಬಿಸಿಲೂರು

ಕೊನೆಗೂ ಯಾರೋ ಇಂಕೋ ಬಗ್ಗೆ ಬರೆದರು.

ಅರಳೀಕಟ್ಟೆ

ನನಗೆ ಈ ಎಪಿಸೋಡಿನ ಹೃದಯ ಅಂದರೆ ಆ ಖಾಲಿ ಲಕೋಟೆ.

ಅವಳು ಧೈರ್ಯ ಮಾಡಿ ಲಕೋಟೆ ತಂದಿದ್ದಾಳೆ. ತಪ್ಪು ಬ್ಯಾಗಿಗೆ ಹಾಕಿದ್ದಾಳೆ. ಅದಕ್ಕಾಗಿ ಒಂದು ಮನೆಗೇ ನುಗ್ಗಿದ್ದಾಳೆ. ಕೊನೆಗೆ ನೋಡಿದರೆ ಒಳಗೆ ಪತ್ರವೇ ಇಲ್ಲ, ಹಾಕಲು ಮರೆತಿದ್ದಾಳೆ. ಬೇರೆ ಕಥೆಯಾಗಿದ್ದರೆ ಹುಡುಗ ಅಲ್ಲಿ ನಕ್ಕು ಮೇಲುಗೈ ಸಾಧಿಸುತ್ತಿದ್ದ. ಇವನು ಏನು ಮಾಡುತ್ತಾನೆ? ತಾನು ಇಷ್ಟಪಡುವ ಹುಡುಗಿಗಾಗಿ ಬರೆದಿಟ್ಟದ್ದು, ಆರಿಸಿಟ್ಟ ಹಾಡುಗಳು, ಯಾರಿಗೂ ತೋರಿಸದ ಗಂಟನ್ನೆಲ್ಲ ತೆಗೆದು ಅವಳ ಮುಂದೆ ಸುರಿಯುತ್ತಾನೆ. ನಿನ್ನೊಬ್ಬಳಿಗೇ ನಾಚಿಕೆ ಆಗಬೇಕಾಗಿಲ್ಲ, ನನ್ನದೂ ನೋಡು ಅಂತ.

ಅಲ್ಲಿ ಇಬ್ಬರೂ ಸಮ ಆದರು. ಹುಲಿ, ಡ್ರ್ಯಾಗನ್ ಸಮ ಅಂತ ಮೇಲೆ ಹೇಳಿದೆನಲ್ಲ, ಅದು ಕುಸ್ತಿಯ ಬಲ ಅಲ್ಲ. ಇಬ್ಬರ ಗುಟ್ಟೂ ಒಂದೇ ಚಾಪೆ ಮೇಲೆ ಬಿದ್ದಿದೆ.

ಚುಕ್ಕಿ_ರಂಗೋಲಿ

ಈ ಮಾತಿಗೆ ನಾನು ಸೋತೆ. ಹೊಡೆತದ ಬಗ್ಗೆ ನನ್ನ ಅಭಿಪ್ರಾಯ ಹಾಗೇ ಇದೆ. ಆದರೆ ಗುಟ್ಟಿನ ಗಂಟು ಬಿಚ್ಚಿ ತೋರಿಸುವ ಆ ದೃಶ್ಯಕ್ಕೆ ಎದುರಿಡಲು ನನ್ನ ಬಳಿ ಇನ್ನೊಂದು ಅನಿಮೆ ಇಲ್ಲ.

ಮಂಜಿನ_ಮಡಿಕೇರಿ

ಮೂಲ ತಾಕೆಮಿಯಾ ಯುಯುಕೋ ಬರೆದ ಲೈಟ್ ನಾವೆಲ್, ಅಂದರೆ ಹರೆಯದವರಿಗಾಗಿ ಬರೆಯುವ ಚಿತ್ರಸಹಿತ ಕಾದಂಬರಿ. ಮೊದಲ ಪುಸ್ತಕ 2006ರದ್ದು. ಅನಿಮೆ 2008ರ ಅಕ್ಟೋಬರಿನಲ್ಲಿ ಶುರುವಾಯಿತು. ನಿರ್ದೇಶಕ ನಾಗಾಯ್ ತತ್ಸುಯುಕಿ, ಚಿತ್ರಕಥೆಯ ಹೊಣೆ ಒಕಾದಾ ಮರಿ. ಇದೇ ಇಬ್ಬರು ಮತ್ತೆ ಸೇರಿ 2011ರಲ್ಲಿ ‘ಅನೊಹಾನಾ’ ಅನ್ನುವ ಅನಿಮೆ ಮಾಡಿದರು. ಒಳಗೊಳಗೆ ಬೇಯುವವರು ಒಂದು ದಿನ ಎಲ್ಲವನ್ನೂ ಹೊರಗೆ ಸುರಿಯುವುದು ಅಲ್ಲೂ ಇದೆ. ಅವರ ಕೈಗುಣ ಅದು.

ಹುಬ್ಬಳ್ಳಿ_ಮಿರ್ಚಿ

ಇಷ್ಟೆಲ್ಲ ಇರೋ ಸರಣಿ ಕನ್ನಡ ಡಬ್ಬಿಂಗಿನಲ್ಲಿ ಬಂದಿದ್ರ ಅಕ್ಕಾರು ಏಳತಿರಲಿಲ್ಲ. ಹಿಂದಿ, ತಮಿಳು, ತೆಲುಗಿನಲ್ಲಿ ಎಷ್ಟೋ ಅನಿಮೆ ಕೇಳಸ್ತಾವ. ನಮ್ಮ ಭಾಷೆಗೆ ಯಾವಾಗ?

ಬಿಸಿಲೂರು

ಅದಕ್ಕೆ ಬೇರೆ ಚರ್ಚೆ ಶುರುಮಾಡಿ ಮಿರ್ಚಿ ಅಣ್ಣ, ನಾನೂ ಬರೆಯುತ್ತೇನೆ. ಸಬ್‌ಟೈಟಲ್ ಓದುತ್ತಾ ಕೂತರೆ ನಮ್ಮ ಮನೆಯಲ್ಲೂ ಯಾರೂ ಜೊತೆ ಕೂರಲ್ಲ.

ಕುಡ್ಲ_ಕಡಲು

ಎಣ್ಣೆ ಸೀಗೆಕಾಯಿ ಬಗ್ಗೆ ಒಂದು ಮಾತು. ದೀಪಾವಳಿಗೆ ಎಣ್ಣೆ ಸ್ನಾನ ಮಾಡುವಾಗ ಮೊದಲು ಎಣ್ಣೆ ಹಚ್ಚಿ, ಆಮೇಲೆ ಸೀಗೆಕಾಯಿ ಉಜ್ಜುತ್ತೇವೆ ಅಲ್ವಾ? ಒಂದನ್ನೇ ಹಚ್ಚಿಕೊಂಡರೆ ಸ್ನಾನ ಮುಗಿಯಲ್ಲ. ತುಂಗಾತೀರ, ಅಕ್ಕನಿಗೆ ಇದನ್ನು ಹೇಳಿ ನೋಡಿ.

ತುಂಗಾತೀರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಸಂಜೆ ಆದದ್ದನ್ನು ಹೇಳಲೇಬೇಕು.

ಅಕ್ಕ ಅಡುಗೆಮನೆಯಲ್ಲಿ ಅವರೆಕಾಳು ಬಿಡಿಸುತ್ತಿದ್ದಳು. ನಾನು ಫೋನನ್ನು ಮಸಾಲೆ ಡಬ್ಬಿಗೆ ಒರಗಿಸಿ, ನಿನ್ನೆ ನಿಲ್ಲಿಸಿದ ಜಾಗದಿಂದ ಹಾಕಿದೆ. ವಾದ ಮಾಡಲಿಲ್ಲ. ಎಣ್ಣೆ ಸೀಗೆಕಾಯಿ ಮಾತೂ ಎತ್ತಲಿಲ್ಲ. ಮೊದಲು ಅವಳು ಕಣ್ಣೆತ್ತಲೇ ಇಲ್ಲ. ತೈಗಾ ಕುಸಿದು ಬಿದ್ದಾಗ “ಏನಾಯ್ತು ಅವಳಿಗೆ?” ಅಂದಳು. ಹೊಟ್ಟೆಗಿಲ್ಲ ಅಂದೆ. ಕಾಳು ಬಿಡಿಸುವ ಕೈ ನಿಂತಿತು. ಅನ್ನ ಬಾಣಲೆಗೆ ಬಿದ್ದಾಗ “ಉರಿ ಜೋರಿರಬೇಕು, ಇಲ್ಲದಿದ್ರೆ ಮುದ್ದೆ ಆಗುತ್ತೆ” ಅಂತ ತಾನೇ ಹೇಳಿದಳು.

ಮುಗಿದ ಮೇಲೆ ಅವಳು ಕೇಳಿದ್ದು ಹುಡುಗಿಯ ಬಗ್ಗೆ ಅಲ್ಲ, ಹೊಡೆತದ ಬಗ್ಗೆಯೂ ಅಲ್ಲ. “ಆ ಹುಡುಗನ ಮನೆಗೆ ಯಾಕೆ ಬಿಸಿಲು ಬರಲ್ಲ?” ಅಂತ.

ಅಕ್ಕ ಮದುವೆಯಾಗಿ ಹೋದ ಊರಿನಲ್ಲಿ ನೆಲಮಹಡಿಯ ಬಾಡಿಗೆ ಮನೆಯಲ್ಲಿ ನಾಲ್ಕು ವರ್ಷ ಇದ್ದಳು. ಪಕ್ಕದ ಸೈಟಿನಲ್ಲಿ ಮೂರು ಮಹಡಿ ಎದ್ದ ಮೇಲೆ ಮಗುವಿನ ಬಟ್ಟೆ ಒಣಗಿಸಲು ಬಕೆಟ್ ಹೊತ್ತು ತಾರಸಿ ಹತ್ತುತ್ತಿದ್ದಳು. ಗೋಡೆಯ ಕಪ್ಪು ಕಲೆಗೆ ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಉಜ್ಜುತ್ತಿದ್ದಳು. ನಾನು ಹೋದಾಗ ನೋಡಿದ್ದೆ, ಅವಳ ಬೆರಳ ತುದಿಯ ಚರ್ಮ ಸುಲಿದಿತ್ತು. ಓಸಾಕಾ ಅಕ್ಕ ಬರೆದದ್ದನ್ನು ಓದಿ ಹೇಳಿದೆ, ಅಲ್ಲಿ ಕೋರ್ಟು, ಕಾಯ್ದೆ ಎಲ್ಲ ಇದೆಯಂತೆ ಅಂತ. ಸ್ವಲ್ಪ 

ಹೊತ್ತು ಸುಮ್ಮನಿದ್ದು, ಕಾಳು ಮತ್ತೆ ಬಿಡಿಸಲು ಶುರುಮಾಡಿದಳು. “ಆ ದೊಡ್ಡ ಮನೇಲಿ ಇರೋಳೇ ಅವಳಾ?” ಅಂದಳು. ಹೂಂ ಅಂದೆ.

“ಮುಂದಿನದು ಹಾಕು” ಅಂದಳು.

ಅಷ್ಟರಲ್ಲಿ ಭಾವ ಬಂದರು, ಊಟಕ್ಕೆ ಎದ್ದೆವು. ರಾತ್ರಿ ಮಗು ಮಲಗಿದ ಮೇಲೆ ಎರಡನೆಯದು. ಈ ಚರ್ಚೆಯನ್ನು ಅವಳಿಗೆ ಆಮೇಲೆ ತೋರಿಸುತ್ತೇನೆ, ಕಂಬದ ವಿಷಯ ಇಲ್ಲಿ ಬರೆದುಬಿಟ್ಟಿದ್ದೀರಿ.